ಘಟ್ಟದ ಮೇಲಿನ ತೊಟ್ಟಿಲುಗಳು

1901ರ ಜನಗಣತಿ ನಡೆದಾಗ ಆಗಿನ ಉತ್ತರ ಕೆನರಾ ಜಿಲ್ಲೆಯಲ್ಲಿದ್ದ ಜನ 4,54,490. ಇಪ್ಪತ್ತು ವರ್ಷ ಕಳೆದು 1921ರಲ್ಲಿ ಎಣಿಸಿದಾಗ ಆ ಸಂಖ್ಯೆ ನಾಲ್ಕು ಲಕ್ಷದ ಆಸುಪಾಸಿಗೆ ಇಳಿದಿತ್ತು. ನಡುವೆ ಜಿಲ್ಲೆಯಲ್ಲಿ ಯುದ್ಧವೇನೂ ಆಗಿರಲಿಲ್ಲ. ಬಯಲುಸೀಮೆಯನ್ನು ಹಿಂಡಿದಂಥ ಬರವೂ ಇತ್ತ ಬಂದಿರಲಿಲ್ಲ. ಮಳೆ ತಪ್ಪದ, ಅಡಕೆ, ಏಲಕ್ಕಿ, ಮೆಣಸು ಬೆಳೆಯುವ ಸೀಮೆ ಇದು. ಆದರೂ ಜನ ಕರಗಿದರು. ಹೆಚ್ಚು ಕರಗಿದ್ದು ಘಟ್ಟದ ಮೇಲೆ, ಅಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ, ಸೂಪಾ ಕಡೆ. ತೋಟವಿತ್ತು, ತೋಟ ಮಾಡುವ ಕೈ ಇರಲಿಲ್ಲ. ಗದ್ದೆ ಹಾಳುಬಿದ್ದು ಕಾಡಾದ ಊರುಗಳ ಹೆಸರು ಇವತ್ತಿಗೂ ಕಂದಾಯದ ಕಡತಗಳಲ್ಲಿ ಉಳಿದಿದೆ.

ಇದಕ್ಕೆ ಎಲ್ಲರೂ ಕೊಡುವ ಉತ್ತರ ಒಂದೇ: ಮಲೇರಿಯಾ. ಉತ್ತರ ಸರಿಯೇ, ಆದರೆ ಅರ್ಧ. ಒಂದು ಊರು ಕರಗುವುದು ದೊಡ್ಡವರು ಸತ್ತು ಮಾತ್ರವಲ್ಲ, ಹುಟ್ಟಬೇಕಾದವರು ಹುಟ್ಟದೆ, ಹುಟ್ಟಿದವರು ಉಳಿಯದೆ. ಶಿರಸಿ–ಸಿದ್ದಾಪುರ ರಸ್ತೆಯ ನಡುವೆ ಸಿಗುವ ಕಾನಸೂರಿನಂಥ ಊರಿನ ಕಳೆದ ನೂರು ವರ್ಷದ ಚರಿತ್ರೆಯನ್ನು ರಾಜರ, ಮಠಗಳ, ಸೊಸೈಟಿಗಳ ಕಡೆಯಿಂದ ಬರೆದವರಿದ್ದಾರೆ. ಹೆರಿಗೆ ಕೋಣೆಯ ಕಡೆಯಿಂದ ಬರೆದವರು ಕಡಿಮೆ. 1930ರ ದಶಕದ ಆರಂಭದಲ್ಲಿ ಸಿದ್ದಾಪುರ ಮತ್ತು ಅಂಕೋಲಾ ತಾಲೂಕುಗಳಲ್ಲಿ ನಡೆದ ಕರನಿರಾಕರಣೆಯಲ್ಲಿ ಮನೆ, ಜಮೀನು ಕಳೆದುಕೊಂಡವರ ಹೆಸರು ನಮಗೆ ಗೊತ್ತು. ಮಾವಿನಗುಂಡಿಯಲ್ಲಿ ಸತ್ಯಾಗ್ರಹಕ್ಕೆ ಕೂತ ಹೆಂಗಸರಿಗೆ ಸ್ಮಾರಕವಿದೆ. ಅದೇ ವರ್ಷಗಳಲ್ಲಿ ಅದೇ ಊರುಗಳಲ್ಲಿ ಹಡೆಯುವಾಗ ಸತ್ತವರ ಲೆಕ್ಕ ಮಾತ್ರ ಎಲ್ಲೂ ಸರಿಯಾಗಿಲ್ಲ. ಮುಂಬಯಿ ಪ್ರಾಂತ್ಯದಲ್ಲಿ ಜನನ, ಮರಣ ಬರೆದಿಡುತ್ತಿದ್ದವನು ಊರ ಪಟೇಲ. ಅವನು ವೈದ್ಯನಲ್ಲ. ಸತ್ತವರಲ್ಲಿ ಬಹುಪಾಲು ಜನರ ಮುಂದೆ ಅವನು ಬರೆಯುತ್ತಿದ್ದ ಕಾರಣ ‘ಜ್ವರ’. ಹೆತ್ತ ಹತ್ತನೇ ದಿನ ನಂಜೇರಿ ಸತ್ತ ಬಾಳಂತಿಯೂ ಜ್ವರದ ಸಾಲಿನಲ್ಲೇ ಸೇರಿಹೋದಳು.

ಜ್ವರಕ್ಕೂ ಬಸಿರಿಗೂ ಇರುವ ನಂಟನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಘಟ್ಟದ ಸೀಮೆಯ ಮಲೇರಿಯಾಕ್ಕೆ ಮುಖ್ಯ ಕಾರಣವಾದ ಸೊಳ್ಳೆ ಅನಾಫಿಲಿಸ್ ಫ್ಲೂವಿಯಾಟಿಲಿಸ್. ಇದು ಕೊಳಚೆಯ ಸೊಳ್ಳೆಯಲ್ಲ. ತಿಳಿಯಾದ, ಮೆಲ್ಲಗೆ ಹರಿಯುವ ನೀರು ಇದಕ್ಕೆ ಬೇಕು. ಹಳ್ಳದ ಅಂಚು, ಗದ್ದೆಯ ಕಾಲುವೆ, ತೋಟದ ನೀರ್ಗಾಲುವೆ, ಇವೇ ಅದರ ತವರು. ಅಡಕೆ ತೋಟಗಳಿರುವುದು ಗುಡ್ಡಗಳ ನಡುವಿನ ಕಣಿವೆಯಲ್ಲಿ. ಮನೆ ಇರುವುದು ತೋಟದ ತಲೆಯಲ್ಲೇ. ಮಳೆಗಾಲದ ರಭಸ ಇಳಿದು ಹಳ್ಳ ತಿಳಿಯಾದ ಮೇಲೆ ಸೊಳ್ಳೆ ಹೆಚ್ಚುತ್ತಿತ್ತು, ಅದರ ಹಿಂದೆಯೇ ಚಳಿಜ್ವರ ಬರುತ್ತಿತ್ತು. ಈ ಸೊಳ್ಳೆಗೆ ಇನ್ನೂ ಎರಡು ಗುಣ. ದನಕ್ಕಿಂತ ಮನುಷ್ಯರ ರಕ್ತವನ್ನು ಬಯಸುತ್ತದೆ, ಕಚ್ಚಿದ ಮೇಲೆ ಹೊರಗೆ ಹೋಗದೆ ಮನೆಯೊಳಗೇ ಕತ್ತಲ ಗೋಡೆಯಲ್ಲಿ ಕೂತಿರುತ್ತದೆ.

ವರ್ಷ ವರ್ಷವೂ ಜ್ವರ ಬಂದು ಬದುಕುಳಿದವರ ಮೈಗೆ ಅದನ್ನು ತಡೆದುಕೊಳ್ಳುವ ಒಂದಿಷ್ಟು ಶಕ್ತಿ ಬಂದಿರುತ್ತದೆ. ಬಸಿರಾದಾಗ ಈ ಲೆಕ್ಕ ತಪ್ಪುತ್ತದೆ, ಅದರಲ್ಲೂ ಚೊಚ್ಚಲು ಬಸಿರಿನಲ್ಲಿ. ಮಲೇರಿಯಾ ಜಾತಿಗಳಲ್ಲೇ ಕೆಟ್ಟದ್ದಾದ ಫಾಲ್ಸಿಪರಮ್ ಪರೋಪಜೀವಿ ಮಾಸಿನಲ್ಲಿ ಹೋಗಿ ನೆಲೆಸುತ್ತದೆ. ಆ ಅಂಗ ಆ ಮೈಗೆ ಹೊಸದು, ಅಲ್ಲಿ ಹಳೆಯ ತಾಳಿಕೆ ನಡೆಯುವುದಿಲ್ಲ. ತಾಯಿಯ ರಕ್ತ ಒಡೆಯುತ್ತದೆ, ಮೈ ಬಿಳಿಚುತ್ತದೆ. ಮಗುವಿಗೆ ಹೋಗಬೇಕಾದ ಆಹಾರ ಹೋಗುವುದಿಲ್ಲ. ಗರ್ಭ ಬೀಳಬಹುದು, ತಿಂಗಳು ತುಂಬುವ ಮೊದಲೇ ಹೆರಿಗೆಯಾಗಬಹುದು, ತೂಕವಿಲ್ಲದ ಕೂಸು ಹುಟ್ಟಬಹುದು. ಮೊದಲೇ ರಕ್ತವಿಲ್ಲದ ಹೆಂಗಸಿಗೆ ಹೆರಿಗೆಯಲ್ಲಿ ಸ್ವಲ್ಪ ಹೆಚ್ಚು ರಕ್ತ ಹೋದರೂ ಸಾಕು. ಗಟ್ಟಿಮುಟ್ಟಾದವಳು ತಡೆದುಕೊಳ್ಳುವ ಸ್ರಾವಕ್ಕೆ ಇವಳು ಹೋಗಿಬಿಡುತ್ತಾಳೆ. ಪಟೇಲನ ಪುಸ್ತಕದಲ್ಲಿ ಅದು ಜ್ವರವೋ ಹೆರಿಗೆಯೋ ಎಂಬ ಪ್ರಶ್ನೆಗೆ ಎರಡೂ ಉತ್ತರ ಸರಿ.

ಘಟ್ಟದ ಕೆಳಗಿನಿಂದ ಮದುವೆಯಾಗಿ ಬಂದ ಹುಡುಗಿಯ ಪಾಡು ಇನ್ನೂ ಕಷ್ಟ. ಅವಳ ಮೈ ಈ ಜ್ವರವನ್ನು ಕಂಡೇ ಇಲ್ಲ. ಹದಿನಾಲ್ಕು, ಹದಿನೈದು ತುಂಬುವಷ್ಟರಲ್ಲಿ ಬಸಿರಾಗುತ್ತಿದ್ದ ಕಾಲ ಅದು. ಹುಡುಗಿಯ ಮದುವೆಗೆ ಹದಿನಾಲ್ಕು ವರ್ಷವಾದರೂ ಆಗಿರಬೇಕೆಂದು ಹೇಳಿದ ಶಾರದಾ ಕಾಯಿದೆ ಬಂದದ್ದೇ 1929ರಲ್ಲಿ. ಚೊಚ್ಚಲು ಹೆರಿಗೆಗೆ ತವರಿಗೆ ಕಳಿಸುವ ಪದ್ಧತಿ ಎಷ್ಟೋ ಹೆಣ್ಣುಮಕ್ಕಳನ್ನು ಕಾಪಾಡಿರಬೇಕು. ತವರೂ ಜ್ವರದ ಕಣಿವೆಯಲ್ಲೇ ಇದ್ದವರಿಗೆ ಆ ಭಾಗ್ಯವೂ ಇರಲಿಲ್ಲ.

ಇನ್ನು ಬಾಳಂತಿ ಕೋಣೆ. ಹಳೆಯ ಮನೆಗಳನ್ನು ಕಂಡವರಿಗೆ ಅದು ಗೊತ್ತು. ಜಗಲಿಯಲ್ಲಿ ಬೆಳಕಿದೆ, ಅಂಗಳಕ್ಕೆ ಗಾಳಿಯಿದೆ. ಬಾಳಂತಿಗೆ ಕೊಡುತ್ತಿದ್ದದ್ದು ಒಳಗಿನ ಕತ್ತಲೆ ಕೋಣೆ, ಇಲ್ಲವೆ ಬಚ್ಚಲಿಗೆ ತಾಗಿದ ಮೂಲೆ. ಕಿಟಕಿ ಇದ್ದರೂ ಮುಚ್ಚಿರುತ್ತಿತ್ತು, ಶೀತವಾಗಬಾರದೆಂದು. ಅಮೆಯ, ಅಂದರೆ ಹೆರಿಗೆ ಸೂತಕದ, ಹತ್ತು ದಿನ ಯಾರೂ ಮುಟ್ಟುವಂತಿಲ್ಲ. ಹಳೇ ಬಟ್ಟೆ, ಹಳೇ ಕಂಬಳಿ, ಹಳೇ ಚಾಪೆ, ಯಾಕೆಂದರೆ ಆಮೇಲೆ ಎಸೆಯುವಂಥದ್ದೇ ಆಗಬೇಕು. ಕೆಂಡದ ಬೋಗುಣಿ, ಓಮದ ಹೊಗೆ, ದಿನಕ್ಕೆರಡು ಸಲ ಎಣ್ಣೆನೀರು. ಪಥ್ಯದ ಹೆಸರಿನಲ್ಲಿ ಕುಡಿಯುವ ನೀರಿಗೂ ಕಟ್ಟು. ಇದರಲ್ಲಿ ಎಲ್ಲವೂ ಕೆಟ್ಟದ್ದಲ್ಲ. ಬಿಸಿ ನೀರು, ಎಣ್ಣೆ, ಮೂರು ತಿಂಗಳ ವಿಶ್ರಾಂತಿ ಇವು ಮೈಗೆ ಬೇಕಾದವೇ. ಹೊಗೆ ಸೊಳ್ಳೆಯನ್ನು ಸ್ವಲ್ಪ ಹೊತ್ತು ದೂರ ಇಟ್ಟಿರಲೂಬಹುದು. ಆದರೆ ಹೊಗೆ ಆರಿದ ಮೇಲೆ ಆ ಸೊಳ್ಳೆಗೆ ಬೇಕಾದ ಕತ್ತಲು, ತೇವ, ಬೆಚ್ಚನೆ ಗೋಡೆ, ಅಲುಗಾಡದೆ ಮಲಗಿದ ಇಬ್ಬರು ಮನುಷ್ಯರು, ಎಲ್ಲವೂ ಒಂದೇ ಕಡೆ ಸಿಗುತ್ತಿದ್ದದ್ದು ಮನೆಯಲ್ಲಿ ಆ ಕೋಣೆಯಲ್ಲೇ. ಮೂರು ತಿಂಗಳ ವಿಶ್ರಾಂತಿ ಅಂದೆ. ಅದು ತೋಟದ ಒಡೆಯರ ಮನೆಯ ಮಾತು. ಅದೇ ತೋಟದ ಆಳಿನ ಹೆಂಡತಿ ಅಷ್ಟು ದಿನ ಮಲಗಿರಲು ಅವಳ ಗಂಜಿ ಬಿಡುತ್ತಿರಲಿಲ್ಲ.

ಸೂಲಗಿತ್ತಿಯ ಬಗ್ಗೆ ಈಗ ಎರಡು ಬಗೆಯ ಮಾತು ಕೇಳುತ್ತೇವೆ. ಒಂದು, ಅವಳು ಅಜ್ಞಾನಿ, ಅವಳಿಂದಲೇ ಸಾವು. ಇನ್ನೊಂದು, ಅವಳ ಕೈಯಲ್ಲಿ ಇಂದಿನ ಡಾಕ್ಟರಿಗಿಲ್ಲದ ವಿದ್ಯೆ ಇತ್ತು. ಎರಡನ್ನೂ ನಾನು ಒಪ್ಪುವುದಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು ಕೂಸು ಅಡ್ಡ ಇದೆಯೋ ಉದ್ದ ಇದೆಯೋ ಹೇಳಬಲ್ಲವರು ಅವರಲ್ಲಿದ್ದರು. ಧೈರ್ಯ ಹೇಳಿ, ಬೆನ್ನು ನೀವಿ, ಆತುರ ಮಾಡದೆ ಕಾಯುವುದು ಅವರಿಗೆ ಗೊತ್ತಿತ್ತು. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮ ದುಡ್ಡು ಪಡೆಯದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಅಂಥ ಕೈಗಳು ಘಟ್ಟದ ಊರುಗಳಲ್ಲೂ ಇದ್ದವು, ಅವಕ್ಕೆ ಪದ್ಮಶ್ರೀ ಬರಲಿಲ್ಲ ಅಷ್ಟೆ. ಆದರೆ ಕೂಸು ಅಡ್ಡ ಇದೆ ಎಂದು ಗೊತ್ತಾದ ಮೇಲೆ ಅವಳು ಏನು ಮಾಡಬೇಕಿತ್ತು? ಮಾಸು ಬೀಳದೆ ರಕ್ತ ನಿಲ್ಲದಿದ್ದರೆ? ಕಳಿಸಲು ಆಸ್ಪತ್ರೆಯಿಲ್ಲ, ಕೊಡಲು ಮದ್ದಿಲ್ಲ. ಇನ್ನು ಹೊಕ್ಕುಳಬಳ್ಳಿ. ಮನೆಯಲ್ಲಿ ಸಿಕ್ಕ ಕತ್ತಿಯಿಂದಲೋ ಬಿದಿರಿನ ಸಿಬಿರಿನಿಂದಲೋ ಕೊಯ್ದು, ಗಾಯ ಒಣಗಲೆಂದು ಬೂದಿಯನ್ನೋ ಸಗಣಿಯನ್ನೋ ಮೆತ್ತುವ ರೂಢಿ ಭಾರತದ ಹಳ್ಳಿಗಳಲ್ಲಿ ಹರಡಿತ್ತು. ಧನುರ್ವಾಯುವಿನ ರೋಗಾಣು ಇರುವುದೇ ಮಣ್ಣು, ಸಗಣಿಯಲ್ಲಿ. ವಾರ ತುಂಬುವಷ್ಟರಲ್ಲಿ ಕೂಸು ಮೊಲೆ ಹಿಡಿಯುವುದನ್ನು ಬಿಡುತ್ತಿತ್ತು, ಮೈ ಸೆಟೆಯುತ್ತಿತ್ತು. ಬಾಲಗ್ರಹ ಎಂದು ತಾಯತ ಕಟ್ಟುತ್ತಿದ್ದರು.

ಸರ್ಕಾರ ಆಗ ಏನು ಮಾಡುತ್ತಿತ್ತು? 1862ರಲ್ಲಿ ಉತ್ತರ ಕೆನರಾವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರ ಹಿಂದೆ ಹತ್ತಿಯ ಲೆಕ್ಕವಿತ್ತು. ಧಾರವಾಡ ಸೀಮೆಯ ಹತ್ತಿ ಕಾರವಾರ, ಕುಮಟಾ ಬಂದರುಗಳಿಗೆ ಇಳಿದು ಮ್ಯಾಂಚೆಸ್ಟರಿನ ಗಿರಣಿಗೆ ಹೋಗಬೇಕಿತ್ತು. ದೇವಿಮನೆ ಘಟ್ಟ, ಅರಬೈಲು ಘಟ್ಟಗಳ ದಾರಿಯಲ್ಲಿ ಹತ್ತಿಯ ಗಾಡಿಗಳು ಇಳಿದವು, ಕಾಡಿನಿಂದ ಸಾಗುವಾನಿ ಇಳಿಯಿತು. ಆ ರಸ್ತೆಗಳಿಂದ ಒಳಗೆ ಒಂದೆರಡು ಹರದಾರಿ ಇದ್ದ ಕೇರಿಗಳಿಗೆ ಮಾತ್ರ ಕಾಲುದಾರಿಯೇ ಗತಿ. ಕೂಸುಗಳ ಹತ್ತಿರ ಮೊದಲು ಬಂದ ಸರ್ಕಾರಿ ಮನುಷ್ಯ ದೇವಿ ಹಾಕುವವನು, ಸಿಡುಬು ತಡೆಯಲು. ಅಂಚೆ ಕಚೇರಿಯಲ್ಲಿ ಕಾಸಿಗೊಂದು ಕ್ವಿನೈನ್ ಪೊಟ್ಟಣ ಮಾರುವ ಏರ್ಪಾಡು ಬ್ರಿಟಿಷ್ ಪ್ರಾಂತ್ಯಗಳಲ್ಲಿ ಬಂತು. ಬಸುರಿಯರು ಅದನ್ನು ಮುಟ್ಟಲು ಹೆದರುತ್ತಿದ್ದರು, ತಿಂದರೆ ಗರ್ಭ ಇಳಿಯುತ್ತದೆಂಬ ನಂಬಿಕೆ ಎಲ್ಲ ಕಡೆ ಇತ್ತು. ಹೀಗಾಗಿ ಮದ್ದು ಯಾರಿಗೆ ಹೆಚ್ಚು ಬೇಕಿತ್ತೋ ಅವರಿಗೇ ತಲುಪಲಿಲ್ಲ. ಹೆಂಗಸರಿಗೆ ಹೆಣ್ಣು ಡಾಕ್ಟರು, ದಾದಿಯರನ್ನು ಒದಗಿಸಲು 1885ರಲ್ಲಿ ಲೇಡಿ ಡಫರಿನ್ ಹೆಸರಿನ ನಿಧಿ ಹುಟ್ಟಿತು, 1903ರಲ್ಲಿ ಸೂಲಗಿತ್ತಿಯರ ತರಬೇತಿಗೆ ವಿಕ್ಟೋರಿಯಾ ಸ್ಮಾರಕ ನಿಧಿ ಬಂತು. ಎರಡೂ ಮುಖ್ಯವಾಗಿ ದೊಡ್ಡ ಪಟ್ಟಣಗಳಲ್ಲೇ ಉಳಿದವು.

1918ರ ಇನ್‌ಫ್ಲುಯೆಂಜಾ ಬಂದಾಗ ಮುಂಬಯಿ ಪ್ರಾಂತ್ಯದಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಆ ರೋಗ ಮುದುಕರಿಗಿಂತ ಪ್ರಾಯದವರನ್ನು ಹೆಚ್ಚು ತಿಂದಿತು, ಪ್ರಾಯದವರಲ್ಲಿ ಬಸುರಿಯರನ್ನು ಇನ್ನೂ ಹೆಚ್ಚು. 1921ರ ಜನಗಣತಿಯ ಇಳಿಕೆಯಲ್ಲಿ ಅದರ ಪಾಲೂ ಇದೆ.

1946ಕ್ಕೆ ಬರೋಣ. ಆ ವರ್ಷ ಎರಡು ಸಂಗತಿ ನಡೆದವು. ದೆಹಲಿಯಲ್ಲಿ ಸರ್ ಜೋಸೆಫ್ ಭೋರ್ ಸಮಿತಿ ದೇಶದ ಆರೋಗ್ಯದ ಬಗ್ಗೆ ತನ್ನ ವರದಿ ಒಪ್ಪಿಸಿತು. ಅದರ ಪ್ರಕಾರ 1937ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 162 ಒಂದು ವರ್ಷ ತುಂಬುವ ಮೊದಲೇ ಸತ್ತಿದ್ದವು, ನ್ಯೂಜಿಲೆಂಡಿನಲ್ಲಿ 31. ಬಸಿರು, ಹೆರಿಗೆ, ಬಾಳಂತನದ ಕಾರಣಕ್ಕೆ ವರ್ಷಕ್ಕೆ ಸುಮಾರು 2 ಲಕ್ಷ ಹೆಂಗಸರು ಸಾಯುತ್ತಿದ್ದಾರೆಂದು ಸಮಿತಿ ಅಂದಾಜು ಮಾಡಿತು. ಇಡೀ ದೇಶಕ್ಕೆ ತರಬೇತಾದ ಮಿಡ್‌ವೈಫುಗಳು ಸುಮಾರು 5,000. ಹಳ್ಳಿಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕೆಂದು ಹೇಳಿದ್ದು ಈ ವರದಿಯೇ. ವರದಿ ಕಾಗದದಲ್ಲಿತ್ತು. ಅದೇ ವರ್ಷ ಪಂಪು, ಬಕೆಟ್ಟು, ಬಿಳಿ ಪುಡಿಯ ಡಬ್ಬ ಹೊತ್ತ ಜನ ಘಟ್ಟದ ಮನೆಗಳ ಅಂಗಳಕ್ಕೆ ಬಂದರು.

ಡಿಡಿಟಿ ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗೆಂದು ಬಳಕೆಗೆ ಬಂದ ರಾಸಾಯನಿಕ. ಯುದ್ಧ ಮುಗಿದ ಕೂಡಲೆ ಅದನ್ನು ಹಳ್ಳಿಗಳಲ್ಲಿ ಪ್ರಯೋಗಿಸಲು ಮುಂಬಯಿ ಸರ್ಕಾರ ಆರಿಸಿಕೊಂಡ ಜಾಗಗಳು ಉತ್ತರ ಕೆನರಾ ಮತ್ತು ಧಾರವಾಡ ಜಿಲ್ಲೆಗಳು. ಇದರ ಹಿಂದಿದ್ದವರು ಮಲೇರಿಯಾ ತಜ್ಞ ಡಾ. ಡಿ. ಕೆ. ವಿಶ್ವನಾಥನ್ ಮತ್ತು ಕೀಟವಿಜ್ಞಾನಿ ಟಿ. ರಾಮಚಂದ್ರ ರಾವ್. ಮೊದಲ ವರ್ಷದ ಫಲಿತಾಂಶವನ್ನು ಇಬ್ಬರೂ ಸೇರಿ 1947ರಲ್ಲಿ ಪ್ರಕಟಿಸಿದರು. ಪ್ರಪಂಚದ ಮಲೇರಿಯಾ ಚರಿತ್ರೆಯಲ್ಲಿ ನಮ್ಮ ಈ ಕಾಡು ಜಿಲ್ಲೆಯ ಹೆಸರು ಬರುವುದು ಈ ಕೆಲಸದಿಂದ. ಇಷ್ಟು ದೊಡ್ಡ ಸಂಗತಿಗೆ ಶಿರಸಿಯಲ್ಲಾಗಲಿ ಸಿದ್ದಾಪುರದಲ್ಲಾಗಲಿ ಇವತ್ತು ಸಿಗುವ ನೆನಪು ಬಹಳ ಕಡಿಮೆ ಎಂಬುದು ನನಗೆ ಸೋಜಿಗ.

ಕೆಲಸದ ಬಗೆ ಸರಳ. ಮನೆಯ ಪಾತ್ರೆ, ಧಾನ್ಯ ಹೊರಗಿಡಬೇಕು, ಇಲ್ಲವೆ ಮುಚ್ಚಬೇಕು. ಪುಡಿಯನ್ನು ನೀರಿಗೆ ಕಲಸಿ, ಒಬ್ಬ ಪಂಪು ಒತ್ತಿದರೆ ಇನ್ನೊಬ್ಬ ಗೋಡೆಗೆ, ಮಾಡಿನ ಒಳಮೈಗೆ ಸಿಂಪಡಿಸುತ್ತ ಹೋಗುವುದು. ನೀರು ಒಣಗಿ ಗೋಡೆಯ ಮೇಲೆ ಬೆಳ್ಳನೆ ಪುಡಿ ಉಳಿಯುತ್ತದೆ. ರಕ್ತ ಕುಡಿದ ಸೊಳ್ಳೆ ವಿಶ್ರಾಂತಿಗೆ ಆ ಗೋಡೆಯ ಮೇಲೆ ಕೂತರೆ ಸಾಯುತ್ತದೆ. ಹಳ್ಳದಲ್ಲಿ ಹುಟ್ಟುವ ಮರಿಗಳನ್ನು ಹುಡುಕಿ ಕೊಲ್ಲುವುದು ಈ ಕಾಡಿನಲ್ಲಿ ಆಗದ ಮಾತು. ಎಷ್ಟು ಹಳ್ಳ, ಎಷ್ಟು ಕಾಲುವೆ! ಮನೆಯೊಳಗೆ ಕೂರುವ ಫ್ಲೂವಿಯಾಟಿಲಿಸ್‌ನ ಗುಣವೇ ಅದಕ್ಕೆ ಮುಳುವಾಯಿತು. ಸಿಂಪಡಿಸುವವರು ಬಿಡದೆ ಹೋಗಬೇಕಾಗಿದ್ದದ್ದು ಕತ್ತಲೆ ಕೋಣೆಗಳಿಗೇ. ಗಂಡಸು ಡಾಕ್ಟರಿಗೂ ಪ್ರವೇಶವಿಲ್ಲದ ಬಾಳಂತಿ ಕೋಣೆಯ ಗೋಡೆಗೆ ಹೀಗೆ ಔಷಧಿ ಬಿತ್ತು.

ಗೆದ್ದದ್ದು ಹೇಗೆ ಗೊತ್ತಾಗಬೇಕು? ಮಲೇರಿಯಾ ತಜ್ಞರಿಗೆ ಎರಡು ಅಳತೆಗಳಿದ್ದವು. ಒಂದು, ಮಕ್ಕಳ ಹೊಟ್ಟೆ ಮುಟ್ಟಿ ನೋಡುವುದು. ಪದೇ ಪದೇ ಮಲೇರಿಯಾ ಬಂದರೆ ಗುಲ್ಮ ಉಬ್ಬಿ ಎಡಗಡೆ ಗಟ್ಟಿಯಾಗಿ ಕೈಗೆ ಸಿಗುತ್ತದೆ. ಮಲೆನಾಡಿನವರು ಅದನ್ನು ಜ್ವರಗಡ್ಡೆ ಅನ್ನುತ್ತಾರೆ. ಊರಿನ ನೂರು ಮಕ್ಕಳಲ್ಲಿ ಎಷ್ಟು ಮಕ್ಕಳಿಗೆ ಗಡ್ಡೆ ಇದೆ ಎಂಬುದೇ ಆ ಊರಿನ ಜ್ವರದ ಲೆಕ್ಕ. ಎರಡನೆಯದು ಇನ್ನೂ ಸೂಕ್ಷ್ಮ: ವರ್ಷದೊಳಗಿನ ಕೂಸುಗಳ ರಕ್ತ. ದೊಡ್ಡವರ ರಕ್ತದಲ್ಲಿ ಹಳೆಯ ರೋಗವೂ ಸಿಗುತ್ತದೆ. ಸಿಂಪಡಣೆಯಾದ ಮೇಲೆ ಹುಟ್ಟಿದ ಕೂಸಿನ ರಕ್ತದಲ್ಲಿ ಪರೋಪಜೀವಿ ಸಿಕ್ಕರೆ ಸೊಳ್ಳೆ ಇನ್ನೂ ಕೆಲಸ ಮಾಡುತ್ತಿದೆ ಎಂದರ್ಥ, ಸಿಗದಿದ್ದರೆ ಸರಪಳಿ ಕಡಿದಿದೆ. ಇಡೀ ಊರಿನ ಭವಿಷ್ಯವನ್ನು ತೊಟ್ಟಿಲ ಕೂಸಿನ ಬೆರಳಿನಿಂದ ತೆಗೆದ ಒಂದು ಹನಿ ಹೇಳುತ್ತಿತ್ತು. ಮುಂಬಯಿ ಪ್ರಾಂತ್ಯದ ಈ ಯಶಸ್ಸು 1953ರಲ್ಲಿ ಶುರುವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ದಾರಿ ತೋರಿಸಿತು.

ಇದೇ ಕಾಲದಲ್ಲಿ ಸಿಂಹಳದಲ್ಲೂ ಡಿಡಿಟಿ ಹೊಡೆದರು. ಅಲ್ಲಿ 1946ರಲ್ಲಿ ಸಾವಿರಕ್ಕೆ 20ರಷ್ಟಿದ್ದ ಮರಣ ಪ್ರಮಾಣ ಮರುವರ್ಷ 14ಕ್ಕೆ ಇಳಿಯಿತು, ಶಿಶುಮರಣ 141ರಿಂದ 101ಕ್ಕೆ. ಇದೆಲ್ಲ ಡಿಡಿಟಿಯ ಮಹಿಮೆಯೇ ಎಂದು ಕೆಲವರು, ಆಗಲೇ ಅಲ್ಲಿ ಹರಡಿದ್ದ ಆಸ್ಪತ್ರೆ, ಮಿಡ್‌ವೈಫ್, ಆಹಾರದ ಏರ್ಪಾಡಿಗೂ ಪಾಲಿದೆ ಎಂದು ಕೆಲವರು ದಶಕಗಟ್ಟಲೆ ವಾದಿಸಿದರು. ನಮ್ಮ ಘಟ್ಟವನ್ನು ನೋಡಿದರೆ ವಾದ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಸಿಂಹಳದಲ್ಲಿ ಸಿಂಪಡಣೆಯ ಬೆನ್ನಿಗೆ ಮಿಡ್‌ವೈಫ್ ಇದ್ದಳು, ಇಲ್ಲಿ ಇರಲಿಲ್ಲ. ಇಲ್ಲಿ ಜ್ವರ ಹೋಯಿತು, ರಕ್ತಹೀನತೆಯ ಒಂದು ದೊಡ್ಡ ಕಾರಣ ಹೋಯಿತು, ಊರುಗಳು ಮತ್ತೆ ತುಂಬಿದವು. ಆದರೆ ಅಡ್ಡ ನಿಂತ ಕೂಸನ್ನು ಹೊರತೆಗೆಯಲು, ನಿಲ್ಲದ ರಕ್ತವನ್ನು ನಿಲ್ಲಿಸಲು ಡಿಡಿಟಿಯಿಂದ ಆಗದು. ಅದಕ್ಕೆ ಕೈ ಬೇಕು, ರಸ್ತೆ ಬೇಕು, ಆಸ್ಪತ್ರೆ ಬೇಕು. ಅವು ಬರಲು ಇನ್ನೂ ಎರಡು ತಲೆಮಾರು ಹಿಡಿಯಿತು.

1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮುಂದಿನ ವರ್ಷಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಒಂದೊಂದಾಗಿ ಬಂದವು, ಅವುಗಳ ಜೊತೆ ಬಿಳಿ ಸೀರೆಯ ನರ್ಸಬಾಯಿ. ಸರ್ಕಾರಿ ಭಾಷೆಯಲ್ಲಿ ಅವಳು ಸಹಾಯಕ ದಾದಿ–ಸೂಲಗಿತ್ತಿ, ಎಎನ್‌ಎಂ. ಈ ಚರಿತ್ರೆಯ ನಿಜವಾದ ನಾಯಕಿ ಅವಳೇ ಎಂದು ನನ್ನ ತೀರ್ಮಾನ. ಹುಟ್ಟೂರಿನಿಂದ ದೂರ, ಕಾಡಿನ ನಡುವೆ, ಬಾಡಿಗೆಯ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದು, ನಡುರಾತ್ರಿ ಯಾರೋ ಲಾಟೀನು ಹಿಡಿದು ಬಂದು ಕರೆದರೆ ಅವರ ಹಿಂದೆ ನಡೆದುಹೋಗಬೇಕಿತ್ತು. ಯುನಿಸೆಫ್ ಕೊಟ್ಟ ಹೆರಿಗೆ ಪೆಟ್ಟಿಗೆ ಅವಳ ಕೈಯಲ್ಲಿ: ಸಾಬೂನು, ಕತ್ತರಿ, ದಾರ, ಬೋಗುಣಿ. ಊರಿನ ಸೂಲಗಿತ್ತಿಯರನ್ನು ಕೂರಿಸಿ ಉಗುರು ಕತ್ತರಿಸುವುದು, ಕೈ ತೊಳೆಯುವುದು, ಕತ್ತರಿ ಕುದಿಸುವುದು, ಹೊಕ್ಕುಳಿಗೆ ಏನನ್ನೂ ಮೆತ್ತದಿರುವುದು ಇವಿಷ್ಟನ್ನು ಹೇಳಿಕೊಡುವುದೂ ಅವಳ ಪಾಲಿನ ಕೆಲಸವಾಯಿತು. ವಿಯೆನ್ನಾದಲ್ಲಿ ಡಾ. ಸೆಮ್ಮೆಲ್‌ವೈಸ್ ಕೈ ತೊಳೆಯಿರಿ ಎಂದು ಡಾಕ್ಟರುಗಳಿಗೇ ಹೇಳಿ ಬೈಸಿಕೊಂಡದ್ದು 1847ರಲ್ಲಿ. ಆ ಮಾತು ನಮ್ಮ ಹಳ್ಳಿಯ ಹೆರಿಗೆ ಕೋಣೆಗೆ ಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಬಸುರಿಗೆ ಧನುರ್ವಾಯು ಚುಚ್ಚುಮದ್ದು ಕೊಟ್ಟರೆ ಕೂಸಿಗೂ ರಕ್ಷೆ ಸಿಗುತ್ತದೆ. ಆ ಚುಚ್ಚುಮದ್ದು ಮನೆಮನೆಗೆ ಮುಟ್ಟಿ, ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿವಾರಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2015ರಲ್ಲಿ.

ಓದುಬರಹ ಬಲ್ಲ ಮನೆಗಳಿಗೆ ಇನ್ನೊಂದು ಕಡೆಯಿಂದಲೂ ಬೆಳಕು ಬಂತು. ತೀರ್ಥಹಳ್ಳಿಯಲ್ಲಿ ಹುಟ್ಟಿ ವೈದ್ಯೆಯಾದ ಅನುಪಮಾ ನಿರಂಜನ ಅವರ ‘ತಾಯಿ-ಮಗು’ ಪುಸ್ತಕ ಮದುವೆಯಾಗುವ ಹುಡುಗಿಗೆ ಉಡುಗೊರೆಯಾಗಿ ಕೊಡುವಂಥದ್ದಾಯಿತು. ಯಾರನ್ನೂ ಕೇಳಲಾಗದ ಪ್ರಶ್ನೆಗಳಿಗೆ ಅದರಲ್ಲಿ ನೇರವಾದ ಕನ್ನಡದಲ್ಲಿ ಉತ್ತರವಿತ್ತು.

ನರ್ಸಬಾಯಿಯ ಹೆಸರು ಕೆಟ್ಟದ್ದು ಅವಳದಲ್ಲದ ತಪ್ಪಿಗೆ. 1965ರ ಹೊತ್ತಿಗೆ ಕುಟುಂಬ ಯೋಜನೆಯ ವಂಕಿ ಬಂತು, ಕೆಂಪು ತ್ರಿಕೋನ ಬಂತು, ಆಮೇಲೆ ತುರ್ತು ಪರಿಸ್ಥಿತಿಯ ಕಾಲದಲ್ಲಿ ಸಂತಾನಹರಣದ ಗುರಿ ಬಂತು. ಎಷ್ಟು ಬಸುರಿಯರನ್ನು ನೋಡಿದೆ ಎಂದು ಮೇಲಿನವರು ಕೇಳುವುದನ್ನು ಬಿಟ್ಟು ಎಷ್ಟು ಕೇಸು ತಂದೆ ಎಂದು ಕೇಳತೊಡಗಿದರು. ನರ್ಸ್ ಬರುತ್ತಾಳೆಂದರೆ ಕಾಡಿಗೆ ಓಡುವ ಕಾಲವೂ ಬಂತು. ಅದೇ ವೇಳೆಗೆ ಮಲೇರಿಯಾ ಮರಳಿತು. ಸೊಳ್ಳೆಗೆ ಡಿಡಿಟಿ ಒಗ್ಗಿತ್ತು, ಸರ್ಕಾರಕ್ಕೆ ಗೆದ್ದೆವೆಂಬ ಮೈಮರೆವು ಕವಿದಿತ್ತು. 1960ರ ದಶಕದ ನಡುವೆ ದೇಶದಲ್ಲಿ ಸುಮಾರು ಒಂದು ಲಕ್ಷ ಪ್ರಕರಣಕ್ಕೆ ಇಳಿದಿದ್ದ ರೋಗ 1976ರಲ್ಲಿ 64 ಲಕ್ಷ ದಾಟಿತು.

ಎಲ್ಲರಿಗೂ ಎಲ್ಲವೂ ಒಂದೇ ಸಲ ಬಂತು ಎಂದುಕೊಂಡರೆ ತಪ್ಪಾಗುತ್ತದೆ. ರಸ್ತೆಯ ಪಕ್ಕದ ಊರಿಗೆ ಬಂದದ್ದು ಬೇರೆ, ಕಾಡೊಳಗಿನ ಕೇರಿಗೆ ಬಂದದ್ದು ಬೇರೆ. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಾಡುಗಳಲ್ಲಿ ಚದುರಿದ ಸಿದ್ದಿಗಳು, ದನ ಎಮ್ಮೆಗಳೊಂದಿಗೆ ಬದುಕುವ ಗೌಳಿಗಳು, ಜೋಯಿಡಾದ ಕುಣಬಿಗಳು, ಇವರಿಗೆ ಸರ್ಕಾರದ ಲೆಕ್ಕದಲ್ಲಿ ಜಾಗ ಸಿಕ್ಕಿದ್ದೇ ತಡವಾಗಿ. ಆಫ್ರಿಕಾ ಮೂಲದ ಸಿದ್ದಿಗಳಿಗೆ ಈ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ದಕ್ಕಿದ್ದು 2003ರಲ್ಲಿ. ಐದು ಸಾವಿರ ಜನಕ್ಕೆ, ಗುಡ್ಡಗಾಡಿನಲ್ಲಾದರೆ ಮೂರು ಸಾವಿರಕ್ಕೆ ಒಂದು ಉಪಕೇಂದ್ರ ಎಂಬುದು ನಿಯಮ. ಬಯಲುಸೀಮೆಯಲ್ಲಿ ಮೂರು ಸಾವಿರ ಜನ ಎಂದರೆ ಒಂದು ಊರು. ಇಲ್ಲಿ ಅದು ಹಳ್ಳ, ದಿಬ್ಬ, ಕಾಡುಗಳಾಚೆ ಹರಡಿದ ಹತ್ತಾರು ಮಜರೆ, ಕೇರಿ, ಒಂಟಿ ಮನೆ. ತಲೆ ಎಣಿಸಿ ಕೇಂದ್ರ ಕೊಟ್ಟರೆ ಘಟ್ಟಕ್ಕೆ ಯಾವತ್ತೂ ಅನ್ಯಾಯವೇ. 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ನಂತರ ಕಾಡಿನ ನಡುವೆ ಹೊಸ ರಸ್ತೆ ಮಾಡುವುದೂ ಕಷ್ಟವಾಯಿತು. ಕಾಡು ಉಳಿಯಬೇಕು, ನನಗೂ ಒಪ್ಪಿಗೆ. ಆದರೆ ಹತ್ತಿ, ಸಾಗುವಾನಿ ಇಳಿಸಲು ಕಡಿದ ಕಾಡಿನ ಲೆಕ್ಕವನ್ನು ಬಸುರಿಯ ಕಾಲುದಾರಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಕಂಬಳಿಯನ್ನೋ ಸೀರೆಯನ್ನೋ ಗಳಕ್ಕೆ ಕಟ್ಟಿ ಜೋಲಿ ಮಾಡಿ, ನಾಲ್ಕು ಜನ ಹೆಗಲು ಬದಲಿಸುತ್ತ ರಸ್ತೆವರೆಗೆ ಹೊತ್ತು ತರುವ ಚಿತ್ರ ಮಳೆಗಾಲದ ಪತ್ರಿಕೆಗಳಲ್ಲಿ ಈಗಲೂ ಬರುತ್ತದೆ.

ದೊಡ್ಡ ಬದಲಾವಣೆ ಆದದ್ದು 2005ರ ನಂತರ. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂತು, ಊರಿನ ಹೆಣ್ಣುಮಗಳೇ ಆಶಾ ಕಾರ್ಯಕರ್ತೆಯಾದಳು, ಆಸ್ಪತ್ರೆಯಲ್ಲಿ ಹೆತ್ತರೆ ಜನನಿ ಸುರಕ್ಷಾ ಯೋಜನೆಯಲ್ಲಿ ದುಡ್ಡು ಸಿಗತೊಡಗಿತು. ರಾಜ್ಯ ಸರ್ಕಾರ ಮಡಿಲು ಕಿಟ್, ತಾಯಿ ಕಾರ್ಡ್ ಕೊಟ್ಟಿತು. 2008ರ ನವೆಂಬರಿನಲ್ಲಿ 108 ಆಂಬುಲೆನ್ಸ್ ಶುರುವಾಯಿತು. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲೇ ಬಸುರಿ, ಬಾಳಂತಿಯರಿಗೆ ಬಿಸಿಯೂಟ. 1992–93ರಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದವು ಸುಮಾರು 38. 2005–06ರಲ್ಲಿ ಅದು 65 ಆಯಿತು, 2019–20ರಲ್ಲಿ 97. ಜೀವಂತ ಹುಟ್ಟಿದ ಲಕ್ಷ ಕೂಸುಗಳಿಗೆ 228 ಇದ್ದ ತಾಯಂದಿರ ಮರಣ 2018–20ರ ಹೊತ್ತಿಗೆ 69ಕ್ಕೆ ಇಳಿಯಿತು. ಯೋಜನೆಗಳ ಹೆಸರು ಕೇಳಿ ನಗುವವರು ಈ ಅಂಕಿಗಳನ್ನೂ ಒಮ್ಮೆ ನೋಡಬೇಕು.

ಈ ಬದಲಾವಣೆಗೆ ಒಂದು ಬೆಲೆಯೂ ಇತ್ತು. ಸೂಲಗಿತ್ತಿಗೆ ಹೊಸ ಏರ್ಪಾಡಿನಲ್ಲಿ ಜಾಗ ಸಿಗಲಿಲ್ಲ. ಹೆರಿಗೆ ಆಕೆಯ ಕೈ ತಪ್ಪಿದ್ದು ಸರಿಯೇ, ಆದರೆ ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತು ಬೆನ್ನು ನೀವಿ ಧೈರ್ಯ ಹೇಳುವ ಕೆಲಸಕ್ಕಾದರೂ ಅವಳನ್ನು ಕರೆಯಬಹುದಿತ್ತು. ಆ ಕೆಲಸಕ್ಕೆ ಇವತ್ತು ಯಾರೂ ಇಲ್ಲ.

ಉಳಿದ ಸಾಲ ದೊಡ್ಡದಿದೆ. 2019–20ರ ಸಮೀಕ್ಷೆಯಂತೆ ರಾಜ್ಯದ ಬಸುರಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಜನರಿಗೆ ರಕ್ತಹೀನತೆ. ಅದಕ್ಕೂ ನಾಲ್ಕೈದು ವರ್ಷ ಹಿಂದಿನ ಸಮೀಕ್ಷೆಯಲ್ಲೂ ಹೆಚ್ಚು ಕಡಿಮೆ ಅಷ್ಟೇ ಇತ್ತು. ಮಲೇರಿಯಾ ಹೋದರೂ ಬಿಳಿಚಿದ ಮುಖ ಹೋಗಿಲ್ಲ ಎಂದಾಯಿತು. ಕಬ್ಬಿಣದ ಮಾತ್ರೆ ಕೊಟ್ಟ ಲೆಕ್ಕ ಸರಿಯಿರುತ್ತದೆ, ನುಂಗಿದ ಲೆಕ್ಕ ಯಾರಲ್ಲೂ ಇಲ್ಲ. ಶಿರಸಿಯಲ್ಲಿ ಪಂಡಿತ ಸಾರ್ವಜನಿಕ ಆಸ್ಪತ್ರೆ ಇದೆ, ಸಹಕಾರಿಗಳು ಕಟ್ಟಿದ ಟಿಎಸ್‌ಎಸ್ ಆಸ್ಪತ್ರೆ ಇದೆ, ಕಾರವಾರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಆದರೂ ಕಷ್ಟದ ಕೇಸು ಎಂದರೆ ಹುಬ್ಬಳ್ಳಿ, ಮಣಿಪಾಲ, ಶಿವಮೊಗ್ಗದ ದಾರಿ ಹಿಡಿಯುವ ರೂಢಿ ತಪ್ಪಿಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಅಪಘಾತಕ್ಕೀಡಾದ ಮೇಲೆ, ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಮತ್ತೊಮ್ಮೆ ಎದ್ದಿತು. ಕೂಗು ನ್ಯಾಯವಾದದ್ದೇ. ಆದರೆ ಹೆರಿಗೆಯಲ್ಲಿ ರಕ್ತ ಹೋಗುತ್ತಿರುವ ಹೆಂಗಸಿಗೆ ಇರುವ ಸಮಯ ಒಂದೆರಡು ಗಂಟೆ. ಅವಳಿಗೆ ಬೇಕಾದದ್ದು ತಾಲೂಕು ಆಸ್ಪತ್ರೆಯಲ್ಲಿ ಹಗಲೂ ರಾತ್ರಿಯೂ ಒಬ್ಬ ಹೆರಿಗೆ ತಜ್ಞೆ, ಅರಿವಳಿಕೆ ಕೊಡುವ ಡಾಕ್ಟರು, ಒಬ್ಬ ಮಕ್ಕಳ ಡಾಕ್ಟರು, ನಾಲ್ಕಾರು ಬಾಟಲಿ ರಕ್ತ ಇಡುವ ಫ್ರಿಜ್ಜು. ನೂರು ಮೈಲಿ ದೂರದ ದೊಡ್ಡ ಕಟ್ಟಡ ಅವಳನ್ನು ಉಳಿಸುವುದಿಲ್ಲ.

ಘಟ್ಟದ ಓದುಗರಿಗೆ ಒಂದು ಕೋರಿಕೆ. ಪ್ರತಿ ಊರಿಗೂ ಒಂದು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇದೆ, ಅದಕ್ಕೆ ವರ್ಷಕ್ಕಿಷ್ಟು ಎಂದು ಹಣವೂ ಬರುತ್ತದೆ. ಮೇ ತಿಂಗಳ ಸಭೆಗೆ ಹೋಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನ ತುಂಬುವ ಬಸುರಿಯರು ಊರಿನಲ್ಲಿ, ಕೇರಿಯಲ್ಲಿ ಎಷ್ಟು ಜನ, ಅವರಲ್ಲಿ ಹಳ್ಳದಾಚೆ ಇರುವವರು ಯಾರು, ಅವರ ರಕ್ತದ ಪ್ರಮಾಣ ಎಷ್ಟು, ಹೆರಿಗೆಗೆ ವಾರ ಮೊದಲೇ ರಸ್ತೆ ಪಕ್ಕದ ಯಾರ ಮನೆಗೆ ಅವರನ್ನು ಕರೆತರುವುದು ಎಂದು ಆಶಾ ಕಾರ್ಯಕರ್ತೆಯನ್ನು ಎಲ್ಲರೆದುರು ಕೇಳಿ. ಪಟ್ಟಿ ಅವಳ ಕೈಯಲ್ಲಿರುತ್ತದೆ. ಆ ಮನೆ ನಿಮ್ಮದಾಗಬಹುದು ಎಂದು ಹೇಳಿ ಬನ್ನಿ.